ಸಂಶಯವೆಂಬ ಸಣ್ಣ ಕಲ್ಲು



ಜುಲೈ 31 ಲೊಯೋಲದ ಸಂತ ಇಗ್ನೇಷಿಯಸರ ಹಬ್ಬ. ಮಾರನೆಯ ದಿನವೇ ಸಂತ ಅಲ್ಫೋನ್ಸ್ ಲಿಗೋರಿಯವರ ಹಬ್ಬ. ಒಬ್ಬರು ಸೈನಿಕರಾಗಿದ್ದವರು, ಇನ್ನೊಬ್ಬರು ವಕೀಲರಾಗಿದ್ದವರು. ಇಬ್ಬರನ್ನೂ ಕಾಡಿದ ಬೇನೆ ಮಾತ್ರ ಒಂದೇ. ನಂಜನಗೂಡು, ತಿ. ನರಸೀಪುರದ ನಮ್ಮ ಮನೆಗಳಲ್ಲೂ ಅದರ ಹೆಸರು ತಿಳಿಯದೆ ಒಳಗೊಳಗೇ ನರಳುವವರಿದ್ದಾರೆ.

1522ರಲ್ಲಿ ಇಗ್ನೇಷಿಯಸರು ಮೊನ್ಸೆರಾತ್ ಆಶ್ರಮದಲ್ಲಿ ಮೂರು ದಿನ ಹಿಡಿದು ತಮ್ಮ ಜೀವಮಾನದ ಪಾಪಗಳನ್ನೆಲ್ಲ ಬರೆದು ನಿವೇದಿಸಿದರು. ಮನ್ರೇಸಾ ಊರಿಗೆ ಬಂದ ಮೇಲೆ ಶಂಕೆ ಶುರುವಾಯಿತು. 'ಅದನ್ನು ಹೇಳಿದೆನೋ ಇಲ್ಲವೋ? ಸರಿಯಾಗಿ ಹೇಳಿದೆನೋ?' ಮತ್ತೆ ನಿವೇದನೆ, ಮತ್ತೆ ಶಂಕೆ. ತೀರಾ ಸ್ಪಷ್ಟವಾದುದನ್ನು ಬಿಟ್ಟರೆ ಹಳೆಯ ಪಾಪಗಳನ್ನು ಹೇಳಬೇಡ ಎಂದರು ಗುರುಗಳು. ಅದರಿಂದ ಪ್ರಯೋಜನವಾಗಲಿಲ್ಲ. ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತಲ್ಲ! ವಾರವಿಡೀ ಅನ್ನ ಬಿಟ್ಟರು. ಉಣ್ಣು ಎಂದು ಗುರುಗಳೇ ಆಜ್ಞಾಪಿಸಬೇಕಾಯಿತು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತೆಂದು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿ ಬರೆಸಿದ್ದಾರೆ. ಹಳೆಯದನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು. ಅಲ್ಫೋನ್ಸರನ್ನಂತೂ ಈ ಶಂಕೆ ಮುಪ್ಪಿನಲ್ಲೂ ಬಿಡಲಿಲ್ಲ.

ಇದಕ್ಕೆ ಲತೀನ್ ಭಾಷೆಯಲ್ಲಿ 'ಸ್ಕ್ರೂಪುಲುಸ್' ಎನ್ನುತ್ತಾರೆ. ಚೂಪಾದ ಸಣ್ಣ ಕಲ್ಲು ಎಂದರ್ಥ. ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಂತೆ ಅದು ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ. ಇಂದಿನ ವೈದ್ಯರು ಇದನ್ನು ಗೀಳು ಕಾಯಿಲೆಯ, ಅಂದರೆ ಓ.ಸಿ.ಡಿ.ಯ ಒಂದು ರೂಪವೆನ್ನುತ್ತಾರೆ. ಎಲ್ಲರಲ್ಲೂ ಅದು ಪಾಪಭೀತಿಯಾಗಿಯೇ ಬರಬೇಕೆಂದಿಲ್ಲ. ಬೀಗ ಹಾಕಿದೆನೇ? ಕೈ ಶುದ್ಧವಾಯಿತೇ? ಪಕ್ಕದ ಮನೆಯವರು ನನ್ನ ವಿಷಯವನ್ನೇ ಪಿಸುಗುಟ್ಟುತ್ತಿದ್ದಾರೆಯೇ? ಯಾರಾದರೂ ಮಾಟ ಮಾಡಿಸಿರಬಹುದೇ? ಕೆಲವರಿಗೆ ಬಲಿಪೂಜೆಯ ನಡುವೆಯೇ ಹೊಲಸು ಯೋಚನೆ ನುಗ್ಗುತ್ತದೆ.

ಬೇಡದ ಯೋಚನೆ ಎಲ್ಲರ ತಲೆಗೂ ಬಂದು ಹೋಗುತ್ತದೆ. ಗೀಳಿರುವವರು ಅದಕ್ಕೆ ಉತ್ತರ ಹುಡುಕಲು ಹೊರಡುತ್ತಾರೆ. ಬೀಗ ಎಳೆದು ನೋಡಿದರೆ ಎರಡು ನಿಮಿಷ ನೆಮ್ಮದಿ. ಆ ನೆಮ್ಮದಿಯೇ ಶಂಕೆಗೆ ಗೊಬ್ಬರ. ಆದ್ದರಿಂದ ವೈದ್ಯರು ಕಲಿಸುವ ಅಭ್ಯಾಸ ತಿರುಗುಮುರುಗು: ಶಂಕೆ ಬರಲಿ, ಬೀಗ ನೋಡಲು ಏಳಬೇಡಿ, ಕಳವಳ ತಾನಾಗಿ ಏರಿ ತಾನಾಗಿ ಇಳಿಯುವವರೆಗೆ ಕುಳಿತಿರಿ. ಸಣ್ಣ ಭಯದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಇದನ್ನು ಮಾಡಿಸುತ್ತಾರೆ. ಜೊತೆಗೆ ಫ್ಲೂಯಾಕ್ಸೆಟಿನ್‌ನಂತಹ ಮಾತ್ರೆಗಳಿವೆ. ಅವು ಚಟವಾಗುವುದಿಲ್ಲ. ಆದರೆ ಗುಣ ಕಾಣಲು 8ರಿಂದ 12 ವಾರ ಬೇಕು. ಹದಿನೈದು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡಬಾರದು.

ಮನೆಯವರಿಗೂ ಒಂದು ಮಾತು. "ಅಮ್ಮಾ, ನಾನು ತಪ್ಪು ಮಾಡಲಿಲ್ಲ ತಾನೇ?" ಎಂದು ಮಗಳು ಹತ್ತು ಸಲ ಕೇಳಿದಾಗ ಹತ್ತು ಸಲವೂ "ಇಲ್ಲ ಮಗಳೇ" ಎನ್ನುವುದು ಪ್ರೀತಿ ನಿಜ, ಔಷಧವಲ್ಲ. ಒಮ್ಮೆ ಹೇಳಿ. ಆಮೇಲೆ, "ಇದು ಗೀಳಿನ ಪ್ರಶ್ನೆ, ಬಾ ಅವರೆಕಾಯಿ ಬಿಡಿಸೋಣ" ಎಂದು ಕೆಲಸಕ್ಕೆ ಕರೆಯಿರಿ. ಗದರಬೇಡಿ.

ಪಾಪದ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟ. ಘೋರ ಪಾಪವಾಗಲು ವಿಷಯ ಗಂಭೀರವಾಗಿದ್ದರೆ ಸಾಲದು, ಪೂರ್ಣ ಅರಿವೂ ಮನಃಪೂರ್ವಕ ಒಪ್ಪಿಗೆಯೂ ಬೇಕು. ಕರೆಯದೆ ನುಗ್ಗಿದ ಯೋಚನೆಗೆ ನಮ್ಮ ಒಪ್ಪಿಗೆ ಎಲ್ಲಿದೆ? ಒಮ್ಮೆ ನಿವೇದಿಸಿದ್ದನ್ನು ಮತ್ತೆ ನಿವೇದಿಸಬೇಡಿ. ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಸಾಕೆಂದರೆ ಸಾಕು. ಅಲ್ಫೋನ್ಸರು ಕಲಿಸಿದ್ದೂ ಈ ವಿಧೇಯತೆಯನ್ನೇ.

ಒಂದು ವ್ಯತ್ಯಾಸ ಗಮನಿಸಿ. 'ಇದು ಅತಿಯಾಯಿತು' ಎಂದು ತಾನೇ ಅರಿತೂ ಬಿಡಲಾಗದಿರುವುದು ಸಾಮಾನ್ಯವಾಗಿ ಗೀಳು. 'ಅವರು ಊಟಕ್ಕೆ ವಿಷ ಹಾಕಿದ್ದಾರೆ' ಎಂದು ಅಲುಗಾಡದೆ ನಂಬಿದರೆ, ಇಲ್ಲದ ದನಿ ಕೇಳಿಸಿದರೆ ಅದು ಬೇರೆ ಕಾಯಿಲೆಯಿರಬಹುದು, ತಡಮಾಡಬಾರದು. ಮಾಟ ತೆಗೆಸಲು ಕೊಳ್ಳೇಗಾಲದ ಬಸ್ಸು ಹತ್ತುವವರನ್ನು ನಾವು ಕಂಡಿದ್ದೇವೆ. ಮೈಸೂರಿನ ಬಸ್ಸು ಹತ್ತಿ. ಅಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಚಿಕಿತ್ಸಾಲಯವಿದೆ. ಮನೆಯಿಂದಲೇ ಮಾತಾಡಬೇಕೆಂದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಕಾಡುವ ಯೋಚನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಿ.