ಬೆಸುಗೆಗೆ ರಾಳವೋ, ನವಸಾಗರವೋ?

ಬ್ಯಾಟರಿ ಸ್ಪ್ರೇಯರಿನ ವೈರು ಕಿತ್ತಿತು, ಹಳೇ ಹಿತ್ತಾಳೆ ಪಂಪಿನ ಟಾಕಿ ಸೋರಿತು, ತಗಡಿನ ಬಕೆಟ್ಟಿನ ತಳ ಬಿಟ್ಟಿತು. ಇಷ್ಟಕ್ಕೆಲ್ಲ ನಾನು ದೇಸೂರಿನಿಂದ ಬೆಳಗಾವಿಗೆ ಓಡೂದಿಲ್ಲ. ಒಂದು ಸೋಲ್ಡರಿಂಗ್ ಐರನ್, ಒಂದಿಷ್ಟು ಸೋಲ್ಡರ್ ಮನೆಯಲ್ಲಿದ್ದರೆ ಸಾಕು. ಆದರೆ ಬೆಸುಗೆ ನಿಲ್ಲದಿದ್ದಾಗ ಎಲ್ಲರೂ ಸೋಲ್ಡರಿಗೆ ಬಯ್ತಾರೆ. ಹೆಚ್ಚಿನ ಸಲ ದೋಷ ಇರೂದು ಅದರ ಜೊತೆ ಹಚ್ಚುವ ಫ್ಲಕ್ಸಿನಲ್ಲಿ.

ಫ್ಲಕ್ಸ್ ಮಾಡುವ ಕೆಲಸ

ಲೋಹ ಕಾದಾಗ ಗಾಳಿಯ ಆಮ್ಲಜನಕ ತಗುಲಿ ಅದರ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಕರಗಿದ ಸೋಲ್ಡರ್ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿಹೋಗುತ್ತದೆಯೇ ಹೊರತು ಅಂಟೂದಿಲ್ಲ. ಫ್ಲಕ್ಸ್ ಆ ಪೊರೆಯನ್ನು ಕರಗಿಸುತ್ತದೆ, ಹೊಸದು ಕಟ್ಟದಂತೆ ಗಾಳಿಯನ್ನು ತಡೆಯುತ್ತದೆ.

ಇದೇನೂ ನಮಗೆ ಹೊಸದಲ್ಲ. ಬೆಲ್ಲ ಮಾಡುವಾಗ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ಮೇಲೆ ಬರಿಸಿ ತೆಗೀತೀವಲ್ಲ, ಸುಮಾರಾಗಿ ಅದೇ ಉಪಾಯ. ಖಾನಾಪುರ ರಸ್ತೆಯ ಉದ್ಯಮಬಾಗದಂಥ ಕಡೆ ಬೀಡುಕಬ್ಬಿಣ ಕರಗಿಸುವ ಕ್ಯುಪೋಲಾ ಕುಲುಮೆಗೆ ಸುಣ್ಣದ ಕಲ್ಲು ಹಾಕೂದು ಇದಕ್ಕೇ. ಅದು ಮರಳು, ಬೂದಿಯನ್ನು ಹಿಡಿದು ಕಿಟ್ಟವಾಗಿ ಮೇಲೆ ತೇಲಿಸುತ್ತದೆ.

ಯಾವುದಕ್ಕೆ ಯಾವುದು?

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232ರಲ್ಲಿ ಕರಗುತ್ತದೆ. ಎರಡನ್ನೂ ಕೂಡಿಸಿದ ಸೋಲ್ಡರ್ 183ಕ್ಕೇ ಕರಗಲು ಸುರು. ಹಾಗಾಗಿ ಫ್ಲಕ್ಸ್ ಈ ಕಡಿಮೆ ಕಾವಿನಲ್ಲೇ ಕೆಲಸ ಮಾಡಬೇಕು. ಬಿಳಿಗಾರ ಕರಗಲು 740 ಡಿಗ್ರಿ ದಾಟಬೇಕು. ಅದು ಅಕ್ಕಸಾಲಿಗರ ಕೆಲಸಕ್ಕೆ, ಹಿತ್ತಾಳೆ ಬೆಸುಗೆಗೆ ಸರಿ. ಸೀಸದ ಬೆಸುಗೆಗೆ ದಂಡ.

ರಾಳ: ಪೈನ್ ಮರದ ಅಂಟಿನಿಂದ ಬರುವಂಥದ್ದು. ಬಹಳ ಸೌಮ್ಯ. ವೈರು, ಸ್ವಿಚ್ಚು, ಸ್ಟಾರ್ಟರಿನ ಕೆಲಸಕ್ಕೆ ಇದೊಂದೇ ಸರಿ. ತಣ್ಣಗಾದ ಮೇಲೆ ಉಳಿದರೂ ಲೋಹವನ್ನು ತಿನ್ನೂದಿಲ್ಲ. ಆದರೆ ತುಕ್ಕು ಹಿಡಿದ ತಗಡಿಗೆ ಇದರ ಬಲ ಸಾಲದು.

ಸತುವಿನ ನೀರು: ಸತುವಿನ ಕ್ಲೋರೈಡ್. ತಗಡಿನ ಬಕೆಟ್ಟು, ಹಿತ್ತಾಳೆ ಟಾಕಿಗೆ ಇದು ಬೇಕು. ಉಳಿದರೆ ಗಾಳಿಯ ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತ ಹೋಗುತ್ತದೆ. ಬೆಸುಗೆ ಮುಗಿದ ಕೂಡಲೇ ಬಿಸಿನೀರಿಗೆ ಚೂರು ತಿನ್ನುವ ಸೋಡಾ ಹಾಕಿ ತೊಳೆಯಿರಿ, ಆಮೇಲೆ ಬರೀ ನೀರಿನಿಂದ. ವೈರಿಗೆ ಮಾತ್ರ ಇದನ್ನು ಹಚ್ಚಲೇಬೇಡಿ. ಇವತ್ತು ಗಟ್ಟಿಯಾಗಿ ಕಂಡರೂ ಒಳಗೆ ಹಸಿರುಗಟ್ಟಿ ಮತ್ತೆ ಕಿತ್ತುಬರುತ್ತದೆ. ಆಸಿಡ್ಡಿಗೆ ಸತು ಹಾಕಿ ಮನೆಯಲ್ಲೇ ತಯಾರಿಸುವವರಿದ್ದಾರೆ. ಆಗ ಹೊರಡುವ ಹೈಡ್ರೋಜನ್ ಒಂದು ಕಿಡಿಗೆ ಹೊತ್ತಿಕೊಳ್ತದೆ. ತಯಾರಾದದ್ದನ್ನೇ ಕೊಳ್ಳೂದು ವಾಸಿ.

ನವಸಾಗರ: ಕಲಾಯಿಗೆ ಹಾಕುವ ಪುಡಿ. ಕಾದ ಲೋಹದ ಮೇಲೆ ಉದುರಿಸಿದರೆ ಒಡೆದು ಆಮ್ಲದ ಹೊಗೆ ಬಿಟ್ಟು ಪೊರೆ ತೆಗೀತದೆ. ತಾಮ್ರ, ಹಿತ್ತಾಳೆ ಪಾತ್ರೆಗೆ ಹೇಳಿಮಾಡಿಸಿದ್ದು. ಆ ಬಿಳೇ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಬಯಲಿನಲ್ಲಿ, ಗಾಳಿ ಬರುವ ದಿಕ್ಕಿಗೆ ನಿಂತೇ ಕೆಲಸ ಮಾಡಿ.

ಚೂರುಗಳನ್ನು ಕರಗಿಸುವಾಗ

ಉಳಿದ ಸೋಲ್ಡರ್ ಚೂರುಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿದರೆ ಮೇಲೆ ಬೂದುಬಣ್ಣದ ಹಿಟ್ಟಿನಂಥ ಕೆನೆ ಕಟ್ಟುತ್ತದೆ. ಅದು ಬರೀ ಹೊಲಸಲ್ಲ. ಗಾಳಿ ಹಿಡಿದ ತವರ ಮತ್ತು ಸೀಸ. ತುಟ್ಟಿ ಮಾಲು ತವರವೇ. ಬಟಾಣಿಯಷ್ಟು ಮೇಣ ಅಥವಾ ರಾಳ, ಇಲ್ಲವೇ ಚಿಟಿಕೆ ಒಣ ಮರದ ಪುಡಿ ಹಾಕಿ ಕದಡಿದರೆ ಅದರ ಇಂಗಾಲ ಆಮ್ಲಜನಕವನ್ನು ಎಳೆದುಕೊಂಡು ಸಾಕಷ್ಟು ಲೋಹವನ್ನು ಮರಳಿ ಕೊಡುತ್ತದೆ. ಮೇಣ ಭಗ್ಗನೆ ಹೊತ್ತಿಕೊಳ್ತದೆ, ಮುಖ ದೂರ ಇರಲಿ. ಸೌಟು, ಪುಡಿ, ಚೂರು ಯಾವುದರಲ್ಲೂ ಒಂದು ಹನಿ ನೀರಿರಬಾರದು. ನೀರು ಆವಿಯಾಗಿ ಕುದಿವ ಸೀಸವನ್ನು ಮೈಮೇಲೆ ಎರಚುತ್ತದೆ. ಉಳಿದ ಬೂದಿ ಸೀಸದ ಪುಡಿ. ತಿಪ್ಪೆಗೆ ಹಾಕಬೇಡಿ, ಕೋಳಿಗಳು ಕೆದರ್ತಾವೆ.

ಫ್ಲಕ್ಸ್ ಸೀಸವನ್ನು ತೆಗೆಯೂದಿಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನವಸಾಗರ ಹಾಕಿದ ಕೂಡಲೇ ಪಾತ್ರೆ ಫಳಫಳ ಹೊಳೆಯುತ್ತದೆ. ಆ ಹೊಳಪು ಶುದ್ಧ ತವರದ್ದೋ, ಸೀಸ ಕಲಸಿದ್ದೋ ಕಣ್ಣಿಗೆ ತಿಳಿಯೂದಿಲ್ಲ. ಸೀಸ ಅಗ್ಗ, ಅದಕ್ಕೇ ಬೆರೆಸ್ತಾರೆ. ಅಂಥ ಪಾತ್ರೆಯಲ್ಲಿ ಹುಣಸೆಹುಳಿ ಸಾರು ಕುದಿಸಿದರೆ, ಮಜ್ಜಿಗೆ ಇಟ್ಟರೆ ಸೀಸ ಕರಗಿ ಊಟಕ್ಕೆ ಬರುತ್ತದೆ. ಇಷ್ಟು ಸೀಸ ಇದ್ದರೆ ನಡೀತದೆ ಎನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಪೆಟ್ಟು ತಿನ್ನೂದು ಬೆಳೆಯುವ ಮಕ್ಕಳ ಮಿದುಳು. ಪೆಟ್ರೋಲಿಗೆ ಸೀಸ ಬೆರೆಸೂದನ್ನು ದೇಶದಲ್ಲಿ 2000ದಲ್ಲಿ ನಿಲ್ಲಿಸಿದ್ದೂ ಸುಮ್ಮನೆ ಅಲ್ಲ.

ಕಲಾಯಿ ಹಾಕಿಸುವಾಗ ತವರದ ಕಡ್ಡಿ ತೋರಿಸಲು ಹೇಳಿ. ಶುದ್ಧ ತವರ ಬಗ್ಗಿಸಿದರೆ ಚಿರ್ರ್ ಎಂದು ಸದ್ದು ಮಾಡ್ತದೆ. ಸೀಸ ಹೆಚ್ಚಿದ್ದರೆ ಕಡ್ಡಿ ಮೆತ್ತಗೆ ಬಗ್ಗಿ, ಕಾಗದದ ಮೇಲೆ ಗೀರಿದಾಗ ಬೂದು ಗೆರೆ ಬಿಡ್ತದೆ. ಇದು ಪೂರ್ತಿ ಖಾತ್ರಿಯಲ್ಲ. ಆದರೂ ಕೇಳುವವರಿದ್ದಾರೆ ಅಂತ ಗೊತ್ತಾದರೆ ಬೆರೆಸುವವರು ಹಿಂಜರೀತಾರೆ. ಕುಡಿಯುವ ನೀರಿನ ಹಂಡೆಗೂ ಸೀಸದ ಸೋಲ್ಡರ್ ಬೇಡ.

ಸ್ಪ್ರೇಯರಿನ ಸತ್ತ ಬ್ಯಾಟರಿ ಒಡೆದು ಸೀಸ ಕರಗಿಸುವ ಉಸಾಬರಿಯೂ ಬೇಡ. ಅದರಲ್ಲಿ ಆಸಿಡ್ ಇರುತ್ತದೆ, ಆಂಟಿಮನಿ, ಆರ್ಸೆನಿಕ್‌ನಂಥ ವಿಷವೂ ಇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೇ ಬ್ಯಾಟರಿಯನ್ನು ಬೇರೆ ಕಸಕ್ಕೆ ಸೇರಿಸದೆ ಸಂಗ್ರಹಿಸುವವರಿಗೇ ಒಪ್ಪಿಸಬೇಕು. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಅದರ ಬೆಲೆ ಕಡಿಮೆ ಮಾಡಿಸಿಕೊಳ್ಳಿ.

ಸೋಲ್ಡರ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೇ ಎಲೆ-ಅಡಿಕೆ ಬಾಯಿಗೆ ಹಾಕಿ. ರಾಳ, ಸತುವಿನ ನೀರು, ನವಸಾಗರ ಮೂರನ್ನೂ ಹೆಸರು ಬರೆದು ಬೇರೆ ಬೇರೆ ಡಬ್ಬಿಯಲ್ಲಿಡಿ. ನವಸಾಗರ ನೋಡಲು ಥೇಟ್ ಉಪ್ಪಿನ ಹಾಗೇ ಇರುತ್ತದೆ. ಅಡಿಗೆಮನೆಯ ಹತ್ತಿರ ಸುಳಿಯದಿರಲಿ.