ಅಂಕಿತವಿಲ್ಲದ ಹಾಡುಗಳು

ಪುಸ್ತಕದ ಮುಖಪುಟದ ಮೇಲೆ ಕವಿಯ ಹೆಸರಿರುತ್ತದೆ. ದೇಗುಲದ ಶಾಸನದಲ್ಲಿ ಅದನ್ನು ಕಟ್ಟಿಸಿದವನ ಹೆಸರಿರುತ್ತದೆ. ಆದರೆ ಜನಸಾಮಾನ್ಯರ ನಾಲಗೆಯ ಮೇಲೆ ನಲಿಯುವ ಹಾಡಿಗೆ ಮುಖಪುಟವೂ ಇಲ್ಲ, ಶಾಸನವೂ ಇಲ್ಲ. ಹಾಡು ಎಷ್ಟು ಹೆಚ್ಚು ಜನರ ಬಾಯಿಗೆ ಬೀಳುತ್ತದೆಯೋ, ಅದನ್ನು ರಚಿಸಿದವರ ಹೆಸರು ಅಷ್ಟೇ ಬೇಗ ಕಳಚಿಕೊಳ್ಳುತ್ತದೆ. ಜನಪ್ರಿಯ ಸಂಗೀತಗಾರರು ಕಾಲವಾದ ಮೇಲೆ ಅವರನ್ನು ನೆನೆಯುವುದು ಹೇಗೆ ಎಂಬ ಪ್ರಶ್ನೆಯ ಕಷ್ಟವೆಲ್ಲವೂ ಇಲ್ಲಿಯೇ ಅಡಗಿದೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಅದು ಮನೆಯಲ್ಲಿಯೇ ದೊರೆಯುತ್ತದೆ.

ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಲ್ಲಿ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಬಸವಣ್ಣನವರು ಕೂಡಲಸಂಗಮದೇವನ ಹೆಸರನ್ನೂ, ಅಲ್ಲಮಪ್ರಭುಗಳು ಗುಹೇಶ್ವರನ ಹೆಸರನ್ನೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನ ಹೆಸರನ್ನೂ ಅಂಕಿತವಾಗಿರಿಸಿದರು. ‘ನಾನು’ ಎಂಬುದನ್ನು ಅಳಿಸಲು ಹೊರಟ ಆ ಅಂಕಿತವೇ ಕಾಲಾಂತರದಲ್ಲಿ ಅವರನ್ನು ಗುರುತಿಸುವ ಕುರುಹಾಯಿತೆಂಬುದು ಸೋಜಿಗದ ಸಂಗತಿ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಯಾವ ವಚನ ಯಾರದೆಂದು ನಿರ್ಣಯಿಸಲು ವಿದ್ವಾಂಸರಿಗೆ ಆಧಾರವಾಗಿರುವುದು ಮುಖ್ಯವಾಗಿ ಅಂಕಿತವೇ.

ಆದರೆ ಅಂಕಿತ ಉಳಿದಂತೆ ವಚನಗಳ ಧಾಟಿ ಉಳಿಯಲಿಲ್ಲ. ಅನುಭವ ಮಂಟಪದ ಶರಣರು ಅವುಗಳನ್ನು ಯಾವ ರೀತಿಯಲ್ಲಿ ನುಡಿದರು, ಹಾಡಿದ್ದರೆ ಹೇಗೆ ಹಾಡಿದರು ಎಂಬುದಕ್ಕೆ ಸ್ವರಲಿಪಿಯಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರ ಕಂಠದಿಂದ ನಾವು ಕೇಳಿದ ವಚನಗಾಯನ ಇಪ್ಪತ್ತನೆಯ ಶತಮಾನದ ಕೊಡುಗೆ. ನಮ್ಮ ಕಾಲದ ಜನಪ್ರಿಯ ಗೀತೆಗಳ ಪಾಡು ಇದಕ್ಕೆ ತದ್ವಿರುದ್ಧವಾದುದು. ಇವುಗಳ ಧಾಟಿಯನ್ನು ಯಂತ್ರ ಉಳಿಸಿಕೊಟ್ಟಿದೆ, ಇಲ್ಲವಾದುದು ಅಂಕಿತ.

ಪ್ರತಿದಿನವೂ ನಮ್ಮ ಕಿವಿಗೆ ಬೀಳುವ ಒಂದು ನಿದರ್ಶನವನ್ನೇ ನೋಡೋಣ. ಕುವೆಂಪು ಅವರ ಕವನವನ್ನು 2004ರಲ್ಲಿ ಕರ್ನಾಟಕ ಸರ್ಕಾರ ನಾಡಗೀತೆಯೆಂದು ಘೋಷಿಸಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ವಿಚಾರದಲ್ಲಿ ಬಹುಕಾಲ ಚರ್ಚೆ ನಡೆದು, ಕೊನೆಗೆ 2022ರ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಸರ್ಕಾರ ನಿರ್ಧರಿಸಿತು. ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ್ದ ಅನಂತಸ್ವಾಮಿಯವರು ತೀರಿಕೊಂಡುದು 1995ರಲ್ಲಿ. ಕಣ್ಮರೆಯಾಗಿ ಇಪ್ಪತ್ತೇಳು ವರ್ಷಗಳ ಮೇಲೆ ಸಂಗೀತಗಾರನೊಬ್ಬನ ರಾಗಸಂಯೋಜನೆ ನಾಡಿನ ಶಾಲೆಗಳ ಅಂಗಳದಲ್ಲಿ ಈ ರೀತಿ ಪ್ರತಿಷ್ಠಿತವಾಗುವುದು ಸಾಮಾನ್ಯ ಗೌರವವಲ್ಲ. ಆದರೂ ನಾಡಗೀತೆಯನ್ನು ಬರೆದವರು ಯಾರೆಂದು ಕೇಳಿದರೆ ತಟ್ಟನೆ ಉತ್ತರ ಕೊಡುವ ಮಗು, ಅದಕ್ಕೆ ಧಾಟಿ ಕೊಟ್ಟವರು ಯಾರೆಂದು ಕೇಳಿದರೆ ಸುಮ್ಮನಾಗಬಹುದು. ಆ ದೋಷ ಮಗುವಿನದಲ್ಲ, ಹೇಳಿಕೊಡದ ಹಿರಿಯರದು.

ಇದೇ ಮೈಸೂರಿನ ಶಿವರಾಮಪೇಟೆಯಲ್ಲಿ ಇನ್ನೊಂದು ಕಥೆಯಿದೆ. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಬಳಿ ಕುಳಿತು ವಾದ್ಯ ನುಡಿಸುತ್ತಿದ್ದ ರಾಜಪ್ಪನವರ ಮಕ್ಕಳಿಬ್ಬರು ತಂದೆಯಿಂದ ಸಂಗೀತವನ್ನು ಬಳುವಳಿಯಾಗಿ ಪಡೆದರು. ಹಿರಿಯವರಾದ ರಾಜನ್ ಪಿಟೀಲನ್ನೂ, ಕಿರಿಯವರಾದ ನಾಗೇಂದ್ರ ಜಲತರಂಗವನ್ನೂ ಕಲಿತರು. 1950ರ ದಶಕದ ಆರಂಭದಲ್ಲಿ ಚಿತ್ರಸಂಗೀತ ನಿರ್ದೇಶನಕ್ಕೆ ತೊಡಗಿದ ಈ ಸಹೋದರರು ಮುಂದೆ ಇನ್ನೂರಕ್ಕೂ ಮಿಕ್ಕಿದ ಕನ್ನಡ ಚಿತ್ರಗಳಿಗೆ ಸಂಗೀತ ಒದಗಿಸಿದರು. ‘ನ್ಯಾಯವೇ ದೇವರು’, ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲುದಾರಿ’, ‘ಹೊಂಬಿಸಿಲು’ ಇವುಗಳಲ್ಲಿ ಕೆಲವು. ನಾಗೇಂದ್ರ 2000ದಲ್ಲಿಯೂ, ರಾಜನ್ 2020ರಲ್ಲಿಯೂ ನಮ್ಮನ್ನಗಲಿದರು. 1973ರ ‘ಗಂಧದ ಗುಡಿ’ಯನ್ನು ನಿರ್ಮಿಸಿದವರೂ ಮೈಸೂರಿನವರೇ ಆದ ಎಂ. ಪಿ. ಶಂಕರ್. ಆ ಚಿತ್ರದಲ್ಲಿ ಕನ್ನಡ ನಾಡುನುಡಿಗಳನ್ನು ಕುರಿತ ಗೀತೆಯಿಲ್ಲದೆ ರಾಜ್ಯೋತ್ಸವವೇ ಸಲ್ಲದೆಂಬಷ್ಟು ಅದು ಮನೆಮಾತಾಗಿದೆ. ಅದನ್ನು ಬರೆದವರು ಚಿ. ಉದಯಶಂಕರ್, ಹಾಡಿದವರು ಪಿ. ಬಿ. ಶ್ರೀನಿವಾಸ್, ರಾಗ ಸಂಯೋಜಿಸಿದವರು ರಾಜನ್–ನಾಗೇಂದ್ರ. ಆದರೆ ಜನರ ಬಾಯಲ್ಲಿ ಅದು ‘ರಾಜಕುಮಾರ್ ಹಾಡು’. ವರನಟರ ಮೇಲಿನ ಅಭಿಮಾನ ತಪ್ಪಲ್ಲ. ಆದರೆ ತೆರೆಯ ಮೇಲಿನ ಮುಖವೊಂದರ ಹಿಂದೆ ಕವಿ, ಗಾಯಕ, ಸಂಗೀತ ನಿರ್ದೇಶಕ ಎಲ್ಲರೂ ಮರೆಯಾದರೆ ನಮ್ಮ ಕೃತಜ್ಞತೆ ಅರ್ಧಕ್ಕೇ ನಿಂತಂತಾಗುತ್ತದೆ.

ಶಿಶುನಾಳ ಶರೀಫರ ಪದಗಳಲ್ಲಿ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆ ಸಂತಕವಿ ಶಿಶುನಾಳಾಧೀಶನ ಅಂಕಿತವನ್ನಿರಿಸಿ ಹಾಡಿದುದರಿಂದ ಪದ ಯಾರದೆಂಬ ಸಂದೇಹ ಯಾರಿಗೂ ಬರುವುದಿಲ್ಲ. ಆದರೆ ನಗರದ ಮನೆಮನೆಗಳಲ್ಲಿ ನಾವು ಕೇಳುತ್ತ ಬಂದಿರುವ ಅನೇಕ ಶರೀಫರ ಪದಗಳಿಗೆ ಈಗಿನ ರೂಪ ಕೊಟ್ಟವರು 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್, ಅವುಗಳಿಗೆ ಕಂಠದಾನ ಮಾಡಿದವರಲ್ಲಿ ಅಗ್ರಗಣ್ಯರು 2022ರಲ್ಲಿ ಅಗಲಿದ ಶಿವಮೊಗ್ಗ ಸುಬ್ಬಣ್ಣ. ಆ ಧಾಟಿಗಳು ಶರೀಫರ ಕಾಲದಿಂದಲೇ ನಡೆದುಬಂದವೆಂದು ಎಷ್ಟೋ ಮಂದಿ ಭಾವಿಸಿದ್ದಾರೆ. ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಇನ್ನೊಂದಿಲ್ಲ. ಇದಕ್ಕಿಂತ ದೊಡ್ಡ ಮರೆವೂ ಇನ್ನೊಂದಿಲ್ಲ.

ಹಾಗಾದರೆ ಹಿಂದೆ ಈ ಹೆಸರುಗಳನ್ನು ಜನರಿಗೆ ಮುಟ್ಟಿಸುತ್ತಿದ್ದವರು ಯಾರು? ರೇಡಿಯೋ ಎಂದು ಹೇಳಬೇಕು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ. ಬಾನುಲಿಯ ಉದ್ಘೋಷಕರು ಪ್ರತಿ ಚಿತ್ರಗೀತೆಯ ಮೊದಲು ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಹಾಡಿದವರು ಎಂದು ಕ್ರಮವಾಗಿ ಹೇಳುತ್ತಿದ್ದರು. ಆ ನಾಲ್ಕು ಮಾತುಗಳೇ ಹಾಡಿನ ಅಂಕಿತವಾಗಿದ್ದವು. ಅಕ್ಷರ ಬಾರದವರೂ ಕೇಳಿ ಕೇಳಿ ಆ ಹೆಸರುಗಳನ್ನು ಕಂಠಪಾಠ ಮಾಡಿಕೊಂಡಿದ್ದರು. ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿ ಬೇಕಾದ ಹಾಡು ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಆದರೆ ಹಾಡಿನ ಮೊದಲು ಹೆಸರನ್ನು ಉಚ್ಚರಿಸುವ ದನಿ ಅಲ್ಲಿಲ್ಲ.

ಕಾನೂನು ಈ ಋಣವನ್ನು ಒಪ್ಪಿಕೊಂಡಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಮರಣಾನಂತರವೂ 60 ವರ್ಷಗಳ ಕಾಲ ಇರುತ್ತದೆ. ಹಣಕಾಸಿನ ಹಕ್ಕನ್ನು ಮಾರಿಕೊಂಡವನಿಗೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ತಪ್ಪುವುದಿಲ್ಲವೆಂದು ಅದರ 57ನೆಯ ಕಲಮು ತಿಳಿಸುತ್ತದೆ. ಆದರೆ ಕಾನೂನು ಹಕ್ಕನ್ನು ಕಾಯಬಲ್ಲುದು, ನೆನಪನ್ನು ಕಾಯಲಾರದು. ಕಲಾವಿದರು ತೀರಿಕೊಂಡ ದಿನ ಎಲ್ಲ ವಾಹಿನಿಗಳಲ್ಲಿಯೂ ಅವರ ಹಾಡುಗಳು ಮೊಳಗುತ್ತವೆ. ವಾರ ಕಳೆಯುವಷ್ಟರಲ್ಲಿ ಆ ಮೊಳಗು ಅಡಗುತ್ತದೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು 2020ರ ಸೆಪ್ಟೆಂಬರ್ 25ರಂದು ನಿಧನರಾದಾಗ ನಾಡೇ ಮರುಗಿತು. ಅವರ ದನಿಯನ್ನು ಜನ ಇಂದಿಗೂ ಗುರುತಿಸುತ್ತಾರೆ, ಏಕೆಂದರೆ ಗಾಯಕನಿಗೆ ಕಂಠವೇ ಅಂಕಿತ. ಹಾಡಿಗೆ ರಾಗ ಕೊಟ್ಟವರಿಗೆ ಆ ಭಾಗ್ಯವೂ ಇಲ್ಲ.

ಸ್ಮರಣೆ ಬಾಳಬೇಕಾದರೆ ಅದು ಕಲಿಕೆಯಾಗಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇದಕ್ಕೆ ಸಾಕ್ಷಿ. ಗಾನಯೋಗಿ ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಗುರುವಿನ ನೆನಪನ್ನು ಕಾಯ್ದುದು ಅಂಧ ಮತ್ತು ಬಡಮಕ್ಕಳಿಗೆ ಸಂಗೀತವನ್ನು ಕಲಿಸುವುದರ ಮೂಲಕ. ಅಲ್ಲಿ ಕಲಿತ ಮಗುವಿನ ಕಂಠದಲ್ಲಿ ಗುರುವಿನ ಹೆಸರೂ ವಿದ್ಯೆಯೂ ಒಟ್ಟಿಗೆ ನೆಲೆಸುತ್ತವೆ.

ಜನಪ್ರಿಯ ಸಂಗೀತದ ವಿಷಯದಲ್ಲಿಯೂ ಶಾಲೆ ಈ ಕೆಲಸವನ್ನು ಮಾಡಬಲ್ಲುದು; ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿಯೂ ವಾರ್ಷಿಕೋತ್ಸವದಲ್ಲಿಯೂ ಮಕ್ಕಳು ಹಾಡುವ ಮುನ್ನ ಒಬ್ಬ ವಿದ್ಯಾರ್ಥಿ ಮುಂದೆ ಬಂದು ಸಾಹಿತ್ಯ ಯಾರದು, ಸಂಗೀತ ಯಾರದು, ಮೊದಲು ಹಾಡಿದವರು ಯಾರು ಎಂದು ಹೇಳಲಿ. ಅಧ್ಯಾಪಕರು ಹಾಡುಗಳ ದಾಖಲೆ ಪುಸ್ತಕವೊಂದನ್ನು ಇಡಲಿ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದ ಮೇಲೆ ಧೂಳು ಹಿಡಿದಿರುವ ಗ್ರಾಮಫೋನ್ ತಟ್ಟೆಗಳೂ, ಧ್ವನಿಸುರುಳಿಗಳೂ, ಚಿತ್ರಮಂದಿರಗಳ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳೂ ಶಾಲೆಯ ಗ್ರಂಥಾಲಯವನ್ನು ಸೇರಲಿ. ಧ್ವನಿಸುರುಳಿಯ ಕಾಂತೀಯ ಲೇಪ ಕಾಲಕ್ರಮದಲ್ಲಿ ಸವೆಯುವುದರಿಂದ ಈ ಕೆಲಸಕ್ಕೆ ವಿಳಂಬ ಸಲ್ಲದು. ದಾನಿಗಳು ಕಲಾವಿದರ ಹೆಸರಿನಲ್ಲಿ ಫಲಕವನ್ನು ನೆಡುವ ಬದಲು, ಹಾಡಿಗೆ ಹೊಸ ಧಾಟಿ ಕಟ್ಟುವ ವಿದ್ಯಾರ್ಥಿಗೆ ಅವರ ಹೆಸರಿನಲ್ಲಿ ಬಹುಮಾನವಿಡಲಿ.

ಶರಣರು ತಮ್ಮ ಹೆಸರನ್ನು ಮರೆಸಿ ದೇವರ ಹೆಸರನ್ನು ಹಿಡಿದರು. ಅವರನ್ನು ಮರೆಯದಿರುವ ಹೊಣೆಯನ್ನು ಲೋಕ ಹೊತ್ತುಕೊಂಡಿತು. ತಮ್ಮ ಹೆಸರನ್ನು ಹಾಡಿನೊಳಗೆ ಸೇರಿಸಲಾಗದೆ ಹೋದ ಈ ಸಂಗೀತಗಾರರ ವಿಷಯದಲ್ಲಿಯೂ ಆ ಹೊಣೆ ಹಾಡುವವರ ಮೇಲಿದೆ. ನಾಳೆ ಪ್ರಾರ್ಥನೆಯ ಹೊತ್ತಿನಲ್ಲಿ ನಾಡಗೀತೆ ಆರಂಭವಾಗುವ ಮುನ್ನ ಕುವೆಂಪು ಅವರ ಹೆಸರಿನೊಡನೆ ಮೈಸೂರು ಅನಂತಸ್ವಾಮಿಯವರ ಹೆಸರನ್ನೂ ಒಂದು ಎಳೆಯ ದನಿ ಹೇಳಿದರೆ, ಆ ಹೊಣೆಯ ಮೊದಲ ಕಂತನ್ನು ನಾವು ಸಲ್ಲಿಸಿದಂತಾಗುತ್ತದೆ.