ಹುಡುಗನ ಹಾಡೂ ಹುಡುಗನ ನೋವೂ

ಮೊಳಕಾಲ್ಮೂರಿನ ನೇಕಾರರ ಮನೆಯ ತಾಯಿಯೊಬ್ಬರು ಹತ್ತೊಂಬತ್ತರ ಮಗನನ್ನು ಚಳ್ಳಕೆರೆಯ ನನ್ನ ಕ್ಲಿನಿಕ್ಕಿಗೆ ಕರೆತಂದರು. ತಿಂಗಳಿಂದ ತಲೆನೋವು, ನಿದ್ದೆಯಿಲ್ಲ, ಊಟ ಬೇಡ. "ಮೂರು ಹೊತ್ತೂ ಕಿವಿಗೆ ಅದನ್ನೇ ಸಿಗಿಸ್ಕೊಂಡಿರ್ತಾನೆ ಸಾರ್, ಅದಕ್ಕೇ ಹಿಂಗೆ" ಎಂದರು. ರಕ್ತದೊತ್ತಡ, ಕಣ್ಣು, ರಕ್ತ ಪರೀಕ್ಷೆ ಎಲ್ಲವೂ ಸರಿಯಿದ್ದವು.

"ಏನು ಕೇಳ್ತೀಯಪ್ಪಾ?" ಎಂದೆ. ಕೊರಿಯಾದ ರ್‍ಯಾಪ್! ಹಂಸಲೇಖರ ಹಾಡು ಕೇಳಿ ಬೆಳೆದ ನನಗೆ ಮೊದಲು ಅದು ಜಗಳದಂತೆಯೇ ಕೇಳಿಸಿತು. ಹುಡುಗ ಮೊಬೈಲಿನಲ್ಲಿ ಅರ್ಥ ತೋರಿಸಿದ. ಬಿಟಿಎಸ್ ತಂಡದ ಶುಗಾ 'ಆಗಸ್ಟ್ ಡಿ' ಎಂಬ ಹೆಸರಿನಲ್ಲಿ 2016ರಲ್ಲಿ ಹೊರತಂದ ಸಂಗ್ರಹವದು. ಅದರ 'ದ ಲಾಸ್ಟ್' ಹಾಡಿನಲ್ಲಿ ತನ್ನ ಖಿನ್ನತೆ, ಜನರ ಭಯ, ತಂದೆತಾಯಿಯೊಂದಿಗೆ ಮನೋವೈದ್ಯರಲ್ಲಿಗೆ ಹೋದ ದಿನ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ನನ್ನ ರೋಗಿಗಳಲ್ಲಿ ಇಷ್ಟು ಬಿಡಿಸಿ ಹೇಳುವವರು ಅಪರೂಪ.

"ನಿನಗೂ ಹೀಗೇ ಆಗುತ್ತಾ?" ಎಂದೆ. ತಲೆ ತಗ್ಗಿಸಿದ. ತಾಯಿಗೆ ಆಗಷ್ಟೇ ತಿಳಿದದ್ದು.

ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡರೆ ಖಿನ್ನತೆಯಿರಬಹುದು. ಹಾಡು ಅದರ ಕಾರಣವಲ್ಲ, ಚಿಕಿತ್ಸೆಯೂ ಅಲ್ಲ. ಮಾತ್ರೆ ಕೊಟ್ಟರೂ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ನಿಲ್ಲಿಸಬಾರದು. ಸಾಯುವ ಮಾತು ಬಂದರಂತೂ ಅಂದೇ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಚಿತ್ರದುರ್ಗದ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. "ನಾನೂ ಜೊತೇಲಿ ಹೋಗ್ಲಾ ಸಾರ್?" ಎಂದು ಕೇಳಿದರು ಆ ತಾಯಿ.